ಹೊಸ ಲ್ಯಾಪ್‌ಟಾಪ್‌ನಲ್ಲಿರುವ ‘ರಿಕವರಿ’ ಜಾಗ ಅಳಿಸಬಹುದಾ?

ಪ್ರಶ್ನೆ: ಮಗಳ ಕಾಲೇಜಿಗೆ ಅಂತ ರಾಯಚೂರಿನಲ್ಲಿ ಹೊಸ ಲ್ಯಾಪ್‌ಟಾಪ್ ತಗೊಂಡೆವು. ಡಬ್ಬಿ ಮೇಲೆ 512 ಜಿಬಿ ಅಂತಿದೆ, ಸಿ ಡ್ರೈವ್‌ನಲ್ಲಿ ಕಾಣೋದು 460 ಮಾತ್ರ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ‘ರಿಕವರಿ’ ಅಂತ ಬೇರೆ ತುಂಡುಗಳಿವೆ. ಅವನ್ನು ಅಳಿಸಿದರೆ ಜಾಗ ಸಿಗುತ್ತದಾ? ಡಬ್ಬಿಯಲ್ಲಿ ವಿಂಡೋಸ್ ಸಿಡಿ ಕೂಡ ಇರಲಿಲ್ಲ. ಅಂಗಡಿಯವರು ಇಟ್ಟುಕೊಂಡರಾ?
– ಒಬ್ಬ ಓದುಗರು, ಸಿಂಧನೂರು

ಉತ್ತರ: ಅಂಗಡಿಯವರ ಮೇಲೆ ಅನುಮಾನ ಬೇಡ. ಡಿಸ್ಕ್ ಮಾಡುವವರು ಒಂದು ಜಿಬಿಗೆ ನೂರು ಕೋಟಿ ಬೈಟ್ ಲೆಕ್ಕ ಹಿಡಿಯುತ್ತಾರೆ. ವಿಂಡೋಸ್ ಹಿಡಿಯುವುದು ಸುಮಾರು 107 ಕೋಟಿ. ಅಲ್ಲಿಗೇ 512 ಹೋಗಿ 476 ಆಯಿತು. ಉಳಿದ ಹದಿನಾರು ಜಿಬಿ ಹೋಗಿರೋದು ನೀವು ಕಂಡ ಆ ತುಂಡುಗಳಿಗೆ.

ನಿಮ್ಮದು ಭತ್ತದ ಸೀಮೆ. ಬೀಜಕ್ಕೆ ಅಂತ ಒಂದೆರಡು ಚೀಲ ಬೇರೆ ಎತ್ತಿಟ್ಟು, ಅದಕ್ಕೆ ಯಾರೂ ಕೈ ಹಚ್ಚಬಾರದು ಅಂತ ಹೇಳ್ತಾರಲ್ಲ, ಇದೂ ಹಾಗೇ. ವಿಂಡೋಸ್ ಕೆಟ್ಟು ನಿಂತರೆ, ಲ್ಯಾಪ್‌ಟಾಪ್ ಕಂಪನಿ ಇಟ್ಟ ಈ ಪ್ರತಿಯಿಂದ ಮೊದಲ ದಿನದ ಸ್ಥಿತಿಗೆ ತರಬಹುದು. ಸೌಂಡ್, ವೈಫೈ, ಟಚ್‌ಪ್ಯಾಡ್‌ಗೆ ಬೇಕಾದ ಡ್ರೈವರ್‌ಗಳೂ (ಅವನ್ನು ನಡೆಸುವ ಸಣ್ಣ ಸಾಫ್ಟ್‌ವೇರ್) ಸಾಮಾನ್ಯವಾಗಿ ಅದರಲ್ಲೇ ಇರುತ್ತವೆ. ಅಳಿಸಬೇಡಿ. ಅಳಿಸಿದರೂ ಆ ಜಾಗ ಸಿ ಡ್ರೈವ್‌ಗೆ ಒತ್ತಿಕೊಂಡು ಇಲ್ಲದಿದ್ದರೆ ಸುಲಭಕ್ಕೆ ಸೇರುವುದಿಲ್ಲ. ಪಕ್ಕದ ‘ಇಎಫ್‌ಐ’ ತುಂಡನ್ನಂತೂ ಮುಟ್ಟಲೇಬೇಡಿ, ಅದು ಹೋದರೆ ಲ್ಯಾಪ್‌ಟಾಪ್ ಶುರುವೇ ಆಗುವುದಿಲ್ಲ.

ಆದರೆ ಬೀಜದ ಚೀಲ ಇರುವುದೂ ಅದೇ ಮನೆಯಲ್ಲಿ. ಡಿಸ್ಕ್ ಸತ್ತರೆ ಅದೂ ಸತ್ತಂತೆ.

ಇದನ್ನು ನಾನು ಕಲಿತದ್ದು ಕೆಟ್ಟ ಮೇಲೆ. ನನ್ನ ಹಳೇ ಲ್ಯಾಪ್‌ಟಾಪ್ ಶುರುವಾದಾಗಲೆಲ್ಲ ‘ರಿಕವರಿ ಡಿಸ್ಕ್ ಮಾಡಿಕೊಳ್ಳಿ’ ಅಂತ ಕೇಳುತ್ತಿತ್ತು. ಆಗ ಸಿಡಿ ಕೊಡುವುದನ್ನು ಕಂಪನಿಗಳು ಬಿಡುತ್ತಿದ್ದ ಕಾಲ, ಖಾಲಿ ಡಿವಿಡಿ ತಂದು ನಾವೇ ಬರೆದುಕೊಳ್ಳಬೇಕಿತ್ತು. ಐದು ಡಿವಿಡಿ ತಂದೂ ಇಟ್ಟೆ. ಅಷ್ಟರಲ್ಲಿ ತಮ್ಮನ ಮದುವೆ ಬಂತು. ಐದರಲ್ಲೂ ಮದುವೆ ವಿಡಿಯೋ ಹಾಕಿ ನೆಂಟರಿಗೆ ಹಂಚಿಬಿಟ್ಟೆ. ಬಳ್ಳಾರಿಯ ಒಂದು ಮೇ ತಿಂಗಳಲ್ಲಿ ಹಾರ್ಡ್ ಡಿಸ್ಕ್ ಟಕ್ ಟಕ್ ಅಂತ ಎರಡು ದಿನ ಸದ್ದು ಮಾಡಿ ನಿಂತೇ ಹೋಯಿತು. ಹೊಸ ಡಿಸ್ಕ್ ಹಾಕಿಸಿ, ಬೇರೆ ಎಲ್ಲಿಂದಲೋ ವಿಂಡೋಸ್ ತುಂಬಿಸಿದ್ದಾಯಿತು. ಸೌಂಡ್ ಬರಲು ಮತ್ತೆ ಒಂದು ವಾರ ಹಿಡಿಯಿತು.

ಈಗ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಹಾಕುವ ಜಾಗವೇ ಇಲ್ಲ, ಪೆನ್‌ಡ್ರೈವ್ ಸಾಕು. 32 ಜಿಬಿಯದ್ದು ಒಂದು ತನ್ನಿ. ಸ್ಟಾರ್ಟ್ ಒತ್ತಿ ‘ರಿಕವರಿ ಡ್ರೈವ್’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ತೆರೆಯಿರಿ. ಸಿಸ್ಟಮ್ ಫೈಲ್‌ಗಳನ್ನೂ ಸೇರಿಸಲೇ ಅಂತ ಕೇಳುವ ಕಡೆ ಟಿಕ್ ಇರಲಿ. ಪೆನ್‌ಡ್ರೈವ್‌ನಲ್ಲಿ ಮೊದಲೇ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಹಾಡು-ಗೀಡು ಇದ್ದರೆ ತೆಗೆದುಕೊಳ್ಳಿ. ಕೆಲಸ ನಿಧಾನ. ಚಾರ್ಜರ್ ಹಾಕಿಟ್ಟು ಊಟಕ್ಕೆ ಎದ್ದು ಹೋಗಿ. ವಿಂಡೋಸ್ ಕೀ, ಅಂದರೆ ಅದು ಅಸಲಿ ಅಂತ ತೋರಿಸುವ ಕೋಡ್, ಅದರ ಬಗ್ಗೆ ಚಿಂತೆ ಬೇಡ. ವಿಂಡೋಸ್ 8ರ ಕಾಲದಿಂದ, ವಿಂಡೋಸ್ ಹಾಕಿಯೇ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಅದು ಮದರ್‌ಬೋರ್ಡ್‌ನಲ್ಲೇ ಇರುತ್ತದೆ.

ಒಂದು ಮಾತು, ಇದನ್ನೇ ಜಾಸ್ತಿ ಜನ ತಪ್ಪು ತಿಳಿಯೋದು: ಈ ಪೆನ್‌ಡ್ರೈವ್‌ನಲ್ಲಿ ಮಗಳ ಪ್ರಾಜೆಕ್ಟ್, ಫೋಟೋ ಯಾವುದೂ ಇರುವುದಿಲ್ಲ. ಇದರಿಂದ ವಿಂಡೋಸ್ ಮತ್ತೆ ಹಾಕಿದರೆ ಲ್ಯಾಪ್‌ಟಾಪ್‌ನಲ್ಲಿ ಇದ್ದವೂ ಹೋಗುತ್ತವೆ. ಅವಕ್ಕೆ ಬೇರೆ ಎಕ್ಸ್‌ಟರ್ನಲ್ ಡಿಸ್ಕ್ ಬೇಕು, ವಾರಕ್ಕೊಮ್ಮೆ ಕಾಪಿ ಮಾಡುವ ತಾಳ್ಮೆಯೂ ಬೇಕು.

ಹಾಗೇ ‘ಬಿಟ್‌ಲಾಕರ್’, ಅಂದರೆ ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ, ಆನ್ ಇದೆಯಾ ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಅದು ತಾನೇ ಆನ್ ಆಗಿರುತ್ತದೆ. ಇದ್ದರೆ ರಿಪೇರಿ ಹೊತ್ತಿಗೆ 48 ಅಂಕಿಯ ಕೀ ಕೇಳಬಹುದು. ಮಗಳು ಯಾವ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿದ್ದಾಳೋ ಸಾಮಾನ್ಯವಾಗಿ ಅದರಲ್ಲೇ ಸಿಗುತ್ತದೆ. ಇವತ್ತೇ ತೆಗೆಸಿ, ಹಾಳೆಯಲ್ಲಿ ಬರೆದು, ಲ್ಯಾಪ್‌ಟಾಪ್ ಬಿಲ್ಲಿನ ಜೊತೆ ಇಟ್ಟುಬಿಡಿ.