ಪ್ಯಾಟರ್ನ್ ಕಾಯಿನ್ ಅಂದ್ರೇನು? ಕೈಸರ್ ಕಾಲದ 25 ಫೆನಿಗ್ ಇಟ್ಕೊಂಡು ನೋಡೋಣ

ಹೊಸ ನಾಣ್ಯ ಚಲಾವಣೆಗೆ ಬಿಡೋ ಮುಂಚೆ ಡಿಸೈನ್ ಹೇಗಿರ್ಬೇಕು, ಯಾವ ಲೋಹ, ಎಷ್ಟು ಸೈಜು ಅಂತ ನೋಡೋಕೆ ಟಂಕಸಾಲೆಯಲ್ಲಿ ಕೆಲವೇ ಕೆಲವು ಪೀಸ್ ಹೊಡೀತಾರಲ್ಲ, ಅದೇ ಪ್ಯಾಟರ್ನ್ ಕಾಯಿನ್. ಜರ್ಮನಿಯಲ್ಲಿ ಇದನ್ನ ಪ್ರೋಬೆ ಅಂತಾರೆ. ಅಂಗಡೀಲಿ ಕೊಟ್ಟು ಸಾಮಾನು ತರೋ ದುಡ್ಡಲ್ಲ ಇದು, ಅಧಿಕಾರಿಗಳ ಮುಂದಿಟ್ಟು ಒಪ್ಪಿಗೆ ಕೇಳೋಕೆ ಮಾಡಿದ ನಮೂನೆ.

ನನ್ನ ಪ್ರಕಾರ ಇದಕ್ಕೆ ಕೈಸರ್, ಅಂದ್ರೆ ಜರ್ಮನ್ ಚಕ್ರವರ್ತಿ, ಕಾಲದ 25 ಫೆನಿಗ್‌ಗಿಂತ ಒಳ್ಳೇ ಉದಾಹರಣೆ ಇಲ್ಲ. 100 ಫೆನಿಗ್‌ಗೆ 1 ಮಾರ್ಕ್, ಹಾಗಾಗಿ ಇದು ನಮ್ಮ ನಾಲ್ಕಾಣೆ ಥರ. ಆಗ 10 ಫೆನಿಗ್ 21 ಮಿ.ಮೀ. ಇತ್ತು, ಬೆಳ್ಳಿಯ 1 ಮಾರ್ಕ್ 24 ಮಿ.ಮೀ., ಎರಡೂ ಬಿಳಿ, ಈಗ ಇವೆರಡರ ಮಧ್ಯೆ ಇನ್ನೊಂದು ಬಿಳಿ ನಾಣ್ಯ ತೂರಿಸ್ಬೇಕು, ಜೇಬಿಗೆ ಕೈ ಹಾಕಿದ್ರೆ ಯಾವುದು ಯಾವುದು ಅಂತ ಗೊತ್ತಾಗ್ಬೇಕು, ಸುಲಭದ ಕೆಲಸ ಅಲ್ಲವೇ ಅಲ್ಲ. ಅದಕ್ಕೇ 1908ರ ಇಸವಿ ಇರೋ ಪ್ಯಾಟರ್ನ್‌ಗಳು ಥರಾವರಿ ಸಿಗ್ತವೆ. ಕೊನೆಗೆ ಪಾಸಾಗಿದ್ದು 23 ಮಿ.ಮೀ., 4 ಗ್ರಾಂ ತೂಕದ ಶುದ್ಧ ನಿಕಲ್ ನಾಣ್ಯ, ಒಂದು ಕಡೆ ಹದ್ದು, ಇನ್ನೊಂದು ಕಡೆ ತೆನೆಗಳ ನಡುವೆ 25. ಜನಕ್ಕೆ ಹಿಡಿಸಲೇ ಇಲ್ಲ, 1909ರಲ್ಲಿ ಶುರುವಾಗಿದ್ದು 1912ಕ್ಕೆ ನಿಂತೋಯ್ತು.

ಅಪರೂಪದ್ದೆಲ್ಲ ಪ್ಯಾಟರ್ನ್ ಅಂದ್ಕೋಬೇಡಿ. ಜರ್ಮನಿಯ ಸ್ಯಾಕ್ಸನಿ ರಾಜ್ಯದ 1917ರ 3 ಮಾರ್ಕ್ ಇದೆಯಲ್ಲ, ಅಲ್ಲಿನ ಹಳೇ ದೊರೆ ಫ್ರೀಡ್ರಿಶ್ ದ ವೈಸ್‌ನ ಚಿತ್ರ ಇರೋದು, ರಿಫಾರ್ಮೇಷನ್, ಅಂದ್ರೆ ಲೂಥರ್ ಶುರು ಮಾಡಿದ ಕ್ರೈಸ್ತ ಧರ್ಮ ಸುಧಾರಣೆಯ 400ನೇ ವರ್ಷಕ್ಕೆ ಮುಲ್ಡೆನ್‌ಹ್ಯೂಟೆನ್ ಟಂಕಸಾಲೆಯಲ್ಲಿ ಬರೀ 100 ಹೊಡೆದ್ರು, ಆದ್ರೂ ಅದು ಪ್ಯಾಟರ್ನ್ ಅಲ್ಲ, ಒಪ್ಪಿಗೆ ಕೇಳೋಕೆ ಮಾಡಿದ ನಮೂನೆ ಅಲ್ಲ, ನೆನಪಿಗೆ ಹೊಡೆದ ನಾಣ್ಯ. ಇನ್ನೊಂದು ಗುಂಪೂ ಇದೆ: ಮ್ಯೂನಿಕ್‌ನ ಕಾರ್ಲ್ ಗೋಟ್ಸ್, ಮೊದಲ ಮಹಾಯುದ್ಧದಲ್ಲಿ ಮುಳುಗಿದ ಲುಸಿಟೇನಿಯಾ ಹಡಗಿನ ಮೆಡಲ್ ಮಾಡಿದ ಕಲಾವಿದ, ಇಂಥವರು ಸ್ವಂತವಾಗಿ ಮಾಡಿದ ನಮೂನೆಗಳು. ನೋಡೋಕೆ ತುಂಬಾ ಚೆನ್ನಾಗಿರ್ತವೆ, ಆದ್ರೆ ಸರ್ಕಾರಿ ಟಂಕಸಾಲೆಯ ಪ್ಯಾಟರ್ನ್ ಜೊತೆ ಸೇರಿಸಿ ಬೆಲೆ ಕಟ್ಟಬಾರ್ದು.

ತಗೊಳ್ಳೋ ಮುಂಚೆ ತೂಕ, ಅಂಚು, ಲೋಹ ಮೂರನ್ನೂ ನೋಡ್ಲೇಬೇಕು. ಮಾಮೂಲಿ 25 ಫೆನಿಗ್ ಶುದ್ಧ ನಿಕಲ್ ಆಗಿರೋದ್ರಿಂದ ಆಯಸ್ಕಾಂತಕ್ಕೆ ಟಪ್ ಅಂತ ಅಂಟುತ್ತೆ, 10 ಫೆನಿಗ್‌ನಲ್ಲಿ ತಾಮ್ರ ಜಾಸ್ತಿ, ಅದು ಅಂಟಲ್ಲ. ಬರೀ ಎ ಅನ್ನೋ ಬರ್ಲಿನ್ ಟಂಕಸಾಲೆ ಗುರುತಿದೆ ಅಂತ ದುಡ್ಡು ಕೊಟ್ಬಿಡಬೇಡಿ, ಮಾಮೂಲಿ ನಾಣ್ಯಕ್ಕೆ ಜರ್ಮನ್ ನಾಣ್ಯಗಳ ಯೇಗರ್ ಕ್ಯಾಟಲಾಗ್‌ನಲ್ಲಿ ನಂಬರ್ 18 ಇರುತ್ತೆ, ಪ್ಯಾಟರ್ನ್ ಅಂತ ಮಾರೋರ ಹತ್ರ ಪ್ಯಾಟರ್ನ್‌ಗಳ ಕ್ಯಾಟಲಾಗ್ ಆದ ಶಾಫ್‌ನ ನಂಬರ್ ಕೇಳಿ.