ಮೊದಲು ಒಕ್ಕಣೆ, ಆಮೇಲೆ ಸುದ್ದಿ

ಅಜ್ಜನ ಟ್ರಂಕಿನಲ್ಲಿ ಹಳೆಯ ಕಾಗದಗಳು ಸಿಕ್ಕ ಕೂಡಲೇ ಎಲ್ಲರೂ ಹುಡುಕುವುದು ಸುದ್ದಿಯನ್ನು: ಯಾರ ಮದುವೆ, ಎಷ್ಟು ಸಾಲ, ಯಾತಕ್ಕೆ ಜಗಳ. ಮನೆತನದ ವಂಶಾವಳಿ ಕಟ್ಟಹೊರಟವರಿಗೆ ಅದಕ್ಕಿಂತ ಬೆಲೆಬಾಳುವುದು ಕಾಗದದ ತಲೆ, ಬಾಲ ಮತ್ತು ವಿಳಾಸದ ಬದಿ. ಸುದ್ದಿಯಲ್ಲಿ ಮುಚ್ಚುಮರೆ ಇರಬಹುದು. ಒಕ್ಕಣೆಯಲ್ಲಿ, ಅಂದರೆ ಹೆಸರಿನ ಹಿಂದೆ ಮುಂದೆ ಬರೆಯುವ ಸಂಬೋಧನೆ, ಗೌರವದ ಮಾತುಗಳಲ್ಲಿ, ಹಾಗೆ ಮಾಡುವವರು ಕಡಿಮೆ.

ಓದುವುದಕ್ಕೂ ಮುಂಚೆ ಒಂದು ಎಚ್ಚರಿಕೆ. ಬಂದ ಕಾಗದಗಳನ್ನು ಕೊಕ್ಕೆಯ ತಂತಿಗೆ ಚುಚ್ಚಿಡುವ ರೂಢಿ ನಮ್ಮ ಮನೆಗಳಲ್ಲಿತ್ತು. ಅಂಥ ಗೊಂಚಲು ಸಿಕ್ಕರೆ ಬಿಡಿಸಿ ಹರಡಬೇಡಿ. ಕೆಳಗಿರುವುದು ಸಾಮಾನ್ಯವಾಗಿ ಮೊದಲು ಬಂದದ್ದು. ತಾರೀಖಿಲ್ಲದ ಕಾಗದಕ್ಕೆ ಮೇಲೆ ಕೆಳಗಿನ ನೆರೆಯೇ ಸಾಕ್ಷಿ. ತುಕ್ಕು ಹಿಡಿದ ತಂತಿಯಿಂದ ಎಳೆದರೆ ಕಾಗದ ಹರಿಯುತ್ತದೆ, ಇಕ್ಕಳದಿಂದ ತಂತಿಯನ್ನೇ ಕತ್ತರಿಸಿ. ಒಂದೊಂದನ್ನೇ ತೆಗೆಯುತ್ತಾ ಮೂಲೆಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಕ್ರಮಸಂಖ್ಯೆ ಹಾಕಿ. ನೀವು ಮುಂಬಯಿಯಲ್ಲಿದ್ದರೆ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ತೇವ ಹೀರಿದ ಕಾಗದಕ್ಕೆ ಬೂಷ್ಟು ಹತ್ತುತ್ತದೆ, ಮಡಿಕೆಯಲ್ಲಿ ಬಿಡುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗಿನ ಒಣಹವೆ ಒಳ್ಳೆಯದು.

ಈಗ ಒಕ್ಕಣೆ. 'ತೀರ್ಥರೂಪ' ಎಂದರೆ ತಂದೆ. 'ತೀರ್ಥರೂಪ ಸಮಾನ' ಎಂದಿದ್ದರೆ ತಂದೆಯಲ್ಲ, ತಂದೆಯ ಸ್ಥಾನದ ಹಿರಿಯ: ದೊಡ್ಡಪ್ಪ, ಚಿಕ್ಕಪ್ಪ, ಮಾವ. 'ಸಮಾನ' ಎಂಬ ಆ ಒಂದು ಪದವನ್ನು ನಕಲು ಮಾಡುವಾಗ ಬಿಟ್ಟರೆ ವಂಶಾವಳಿಯ ಒಂದು ಕೊಂಬೆಯೇ ತಪ್ಪು ಕಡೆ ಬೆಳೆಯುತ್ತದೆ. 'ಚಿ॥ ಸೌ॥' ಎಂದರೆ ಕಿರಿಯಳು, ಮುತ್ತೈದೆ. ಉತ್ತರ ಕರ್ನಾಟಕದ ಕಡೆಯ ಕಾಗದಗಳಲ್ಲಿ ಮರಾಠಿಯ ಬಳಕೆಯಂತೆ 'ಗಂ. ಭಾ.', ಅಂದರೆ ಗಂಗಾ ಭಾಗೀರಥಿ, ಎಂದು ಬಂದರೆ ಆಕೆ ವಿಧವೆ. ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದು ಹಾಕುತ್ತಿದ್ದರು, ಮನೆಯಲ್ಲಿ ಇಡುತ್ತಿರಲಿಲ್ಲ. ಹೀಗಾಗಿ ಎಷ್ಟೋ ಮನೆಗಳಲ್ಲಿ ಸಾವಿನ ಕಾಲ ತಿಳಿಯುವ ದಾರಿ ಇದೊಂದೇ: ಅಜ್ಜಿ ಯಾವ ಕಾಗದದವರೆಗೆ 'ಸೌ॥', ಯಾವುದರಿಂದ 'ಗಂ. ಭಾ.' ಎಂದು ನೋಡುವುದು. ಆ ಎರಡು ತಾರೀಖುಗಳ ನಡುವೆ ಅಜ್ಜ ತೀರಿಕೊಂಡಿದ್ದಾರೆ.

ಕರೆಯುವ ಹೆಸರುಗಳನ್ನು ಮಾತ್ರ ಹಾಗೇ ನಂಬಬೇಡಿ. ಕೂಡು ಕುಟುಂಬದಲ್ಲಿ ಮಕ್ಕಳು ಸ್ವಂತ ತಂದೆಯನ್ನೇ 'ಅಣ್ಣ' ಎಂದು ಕರೆದದ್ದುಂಟು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಆಸ್ತಿಯ ಮಾತೆಲ್ಲ ಸೋದರಮಾವನಿಗೆ ಬರೆದಿರುತ್ತದೆ. ತಂದೆಯ ಹೆಸರಿಲ್ಲವೆಂದು ಗಾಬರಿಯಾಗುವುದು ಬೇಡ. ಅಲ್ಲಿ ವಂಶಾವಳಿಯನ್ನು ತಾಯಿಯ ಕಡೆಯಿಂದ ಹಿಡಿಯಬೇಕು.

ತಾರೀಖಿನದು ಇನ್ನೊಂದು ತೊಡಕು. ಇಸವಿ ತಿಳಿಯಲು ಶಕ ವರ್ಷಕ್ಕೆ 78 ಕೂಡಿಸಿ. ಜನವರಿಯಿಂದ ಯುಗಾದಿಯೊಳಗಿನ ಕಾಗದವಾದರೆ 79. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ. 'ತಾರಣ ಸಂ॥ ಚೈತ್ರ ಬ॥' ಎಂದಷ್ಟೇ ಇದ್ದರೆ 1884 ಇರಬಹುದು, 1944 ಇರಬಹುದು. ಒಳಗೆ ಮುಂಬಯಿಯ ಗೋದಿಯಲ್ಲಿ (ಬಂದರಿನ ಹಡಗುಕಟ್ಟೆಯಲ್ಲಿ) ಹಡಗು ಸಿಡಿದ ಮಾತಿದ್ದರೆ ಅನುಮಾನ ಉಳಿಯುವುದಿಲ್ಲ: ಫೋರ್ಟ್ ಸ್ಟಿಕೀನ್ ಹಡಗು ಸಿಡಿದದ್ದು 14 ಏಪ್ರಿಲ್ 1944, ತಾರಣದ ಚೈತ್ರ ಬಹುಳದಲ್ಲೇ.

ತಾರೀಖೇ ಇಲ್ಲದಿದ್ದರೆ ಕಾರ್ಡನ್ನು ತಿರುಗಿಸಿ. 'ನಯಾ ಪೈಸೆ'ಯ ಕಾರ್ಡು 1 ಏಪ್ರಿಲ್ 1957ಕ್ಕಿಂತ ಹಿಂದಿನದಾಗಲಾರದು. ಆಣೆಯ ಕಾರ್ಡು ಮುದ್ರಣವಾದದ್ದು ಅದಕ್ಕೆ ಮೊದಲು ನಿಜ, ಆದರೆ ಮನೆಯಲ್ಲಿ ಉಳಿದದ್ದನ್ನು ಆಮೇಲೂ ಬರೆದಿರಬಹುದು. ಇನ್‌ಲ್ಯಾಂಡ್ ಲೆಟರ್ ಬಂದದ್ದು 1950ರಲ್ಲಿ. ಪಿನ್‌ಕೋಡ್ ಬಂದದ್ದು 15 ಆಗಸ್ಟ್ 1972ರಂದು. ಅದಿದ್ದರೆ ಆಮೇಲಿನದು, ಇಲ್ಲದಿದ್ದರೆ ಏನೂ ಸಾಬೀತಾಗುವುದಿಲ್ಲ. 'ಬೊಂಬಾಯಿ 19' ಎಂದಿದ್ದರೆ ಅದು ಮಾಟುಂಗಾ, ಇಂದಿನ 400019. 'ಕೇರಾಫ್' ಎಂದು ಹೋಟೆಲಿನ ಹೆಸರಿದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ, ಒಂದೇ ಹೋಟೆಲಿನ ವಿಳಾಸದಲ್ಲಿ ಊರಿನ ನಾಲ್ಕಾರು ಮಂದಿ ಸಿಗುವುದುಂಟು. ಮನಿಯಾರ್ಡರಿನ ತುಂಡು ಕೂಪನ್ನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಣವೆಷ್ಟು, ಎಲ್ಲಿಂದ, ಯಾವ ತಿಂಗಳು ಎಂಬುದೆಲ್ಲ ಅದರಲ್ಲಿದೆ. ಹತ್ತು ಕೂಪನ್ ಸಾಲಾಗಿಟ್ಟರೆ ಒಬ್ಬ ಮನುಷ್ಯ ಮುಂಬಯಿಯಲ್ಲಿ ಎಲ್ಲೆಲ್ಲಿ ಇದ್ದನೆಂದು ಕಾಣುತ್ತದೆ.

ಮಾಸಿದ ಅಂಚೆಮುದ್ರೆಗೆ ಟಾರ್ಚನ್ನು ಮೇಲಿನಿಂದ ಹಿಡಿಯದೆ ಪಕ್ಕದಿಂದ, ಕಾಗದದ ಮಟ್ಟಕ್ಕೇ ಹಿಡಿಯಿರಿ. ಮುದ್ರೆ ಒತ್ತಿದ ತಗ್ಗು ನೆರಳಾಗಿ ಏಳುತ್ತದೆ. ಸ್ಕ್ಯಾನ್ 300 ಡಿಪಿಐ ಸಾಕು, ಪೆನ್ಸಿಲ್ ಬರಹಕ್ಕೆ 600. ಖಾಲಿ ಬದಿಯನ್ನೂ ಬಿಡಬೇಡಿ. ನೇರಳೆ ಅಕ್ಷರಗಳಿದ್ದರೆ ಒದ್ದೆ ಬೆರಳು ಸಹ ತಾಗಬಾರದು, ಕಾಪಿಯಿಂಗ್ ಪೆನ್ಸಿಲಿನ ಬಣ್ಣ ನೀರಿಗೆ ಹರಡುತ್ತದೆ. ಹರಿದಲ್ಲಿ ಸೆಲ್ಲೋಟೇಪು, ಮೇಲೆ ಲ್ಯಾಮಿನೇಷನ್, ಎರಡೂ ಬೇಡವೇ ಬೇಡ. ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಕಂದು ಕಲೆಯಾಗಿ ಅಕ್ಷರವನ್ನೇ ನುಂಗುತ್ತದೆ.

ಬೆಳಗಾವಿ, ಧಾರವಾಡ, ವಿಜಾಪುರದ ಕಡೆಯ ಕಟ್ಟಿನಲ್ಲಿ ಉದ್ದಕ್ಕೆ ಗೆರೆ ಎಳೆದು ಅದಕ್ಕೆ ನೇತುಹಾಕಿದಂಥ ಬರಹ ಕಂಡರೆ ಗೀಚೆಂದು ಎಸೆಯಬೇಡಿ, ಅದು ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ ಇರಬಹುದು. ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ ಮೋಡಿ ಕಾಗದಗಳ ದೊಡ್ಡ ಸಂಗ್ರಹವಿದೆ. ಓದಬಲ್ಲವರ ಸುಳಿವು ಅಂಥ ಕಡೆ ಸಿಗುತ್ತದೆ.

ಕೈಬರಹ ನೋಡಿ ಇವರೇ ಬರೆದದ್ದು ಎನ್ನುವುದೂ ಅವಸರ. ಅಕ್ಷರ ಬಾರದವರು ಪಕ್ಕದವರಿಂದ ಬರೆಸುತ್ತಿದ್ದರು. ಆದರೆ ಅಂಚಿನಲ್ಲಿ, ಕಾಗದವನ್ನು ಅಡ್ಡ ತಿರುಗಿಸಿ ಇಕ್ಕಟ್ಟಾಗಿ ಬರೆದ ಎರಡು ಸಾಲು ಬೇರೆ ಕೈಯದಾಗಿದ್ದರೆ ಭೂತಗನ್ನಡಿ ಹಿಡಿದು ಓದಿ. ಎಷ್ಟೋ ವಂಶಾವಳಿಗಳಲ್ಲಿ 'ಹೆಂಡತಿ' ಎಂದಷ್ಟೇ ಉಳಿದ ಹೆಂಗಸಿನ ಹೆಸರು ಸಿಗುವುದು ಅಲ್ಲೇ.