ಸಪ್ಲೈಯರ್‌ಗಳಿಗೆ ನಿಯಮ ಹಾಕುವುದು: ಬಟ್ಟೆ ಕಾರ್ಖಾನೆಗಳ ಉದಾಹರಣೆಯೊಂದಿಗೆ

ಸಪ್ಲೈಯರ್ ಕೋಡ್ ಆಫ್ ಕಂಡಕ್ಟ್ ಅಂದರೆ ಒಂದು ಕಂಪನಿ ತನಗೆ ಮಾಲು ಕೊಡುವವರ ಮುಂದೆ ಇಡುವ ಷರತ್ತುಗಳು. ಮಕ್ಕಳನ್ನು ದುಡಿಸಬಾರದು, ಕಾನೂನಿನ ಪ್ರಕಾರ ಕೂಲಿ ಕೊಡಬೇಕು, ಕೊಳಕು ನೀರನ್ನು ಹೊಳೆಗೆ ಬಿಡಬಾರದು, ಹೀಗೆ. ಬಟ್ಟೆ ವ್ಯಾಪಾರದಲ್ಲಿ ಇದನ್ನು ಮೊದಮೊದಲು ತಂದವರಲ್ಲಿ ಲೀವೈಸ್ ಕಂಪನಿಯೂ ಒಂದು, 1991ರಲ್ಲಿ. ಇಷ್ಟನ್ನು ನೆನಪಿಟ್ಟುಕೊಳ್ಳುವುದು ಸುಲಭ. ನಿಯಮ ಇದ್ದೂ ಜನ ಯಾಕೆ ಸಾಯುತ್ತಾರೆ ಅನ್ನೋದು ಅರ್ಥವಾಗಲು ನನಗೆ ಜಾಸ್ತಿ ಹೊತ್ತು ಹಿಡಿಯಿತು.

2012ರ ಸೆಪ್ಟೆಂಬರ್ 11. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ ಬೆಂಕಿ ಬಿತ್ತು. ಕಿಟಕಿಗೆ ಸರಳು, ಬಾಗಿಲಿಗೆ ಬೀಗ. 250ಕ್ಕೂ ಹೆಚ್ಚು ಜನ ತೀರಿಕೊಂಡರು. ಅದೇ ಕಾರ್ಖಾನೆಗೆ ಕೆಲವೇ ವಾರಗಳ ಹಿಂದೆ ಎಸ್‌ಎ 8000, ಅಂದರೆ ಕಾರ್ಮಿಕರನ್ನು ಸರಿಯಾಗಿ ನಡೆಸಿಕೊಳ್ಳುವ ಕಾರ್ಖಾನೆ ಎನ್ನುವ ಪ್ರಮಾಣಪತ್ರ ಸಿಕ್ಕಿತ್ತು! ಮರುವರ್ಷ ಏಪ್ರಿಲ್ 24ರಂದು ಢಾಕಾ ಹತ್ತಿರದ ಸಾವರ್‌ನಲ್ಲಿ ಬಟ್ಟೆ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿಯಿತು. 1,134 ಸಾವು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿದ್ದ ಬ್ಯಾಂಕ್ ಮರುದಿನ ಬಾಗಿಲು ತೆರೆಯಲಿಲ್ಲ. ಹೊಲಿಗೆಯವರನ್ನು ಮಾತ್ರ ಒಳಗೆ ಕಳಿಸಿದರು. ಅಲ್ಲಿದ್ದ ಕೆಲವು ಕಾರ್ಖಾನೆಗಳಿಗೂ ಆಡಿಟ್ (ನಿಯಮ ಪಾಲಿಸುತ್ತಿದ್ದಾರಾ ಎಂಬ ತಪಾಸಣೆ) ಆಗಿತ್ತು, ಆದರೆ ಕಟ್ಟಡ ಗಟ್ಟಿಯಿದೆಯಾ ಎಂದು ನೋಡುವುದು ಆ ಆಡಿಟ್‌ನ ಕೆಲಸವೇ ಆಗಿರಲಿಲ್ಲ.

ಹಾಗಾಗಿ ನಿಯಮ ಬರೆಯುವಾಗ ಪ್ರತಿ ಸಾಲನ್ನೂ ಹೀಗೆ ಕೇಳಿಕೊಳ್ಳಿ: ಇದನ್ನು ಕಣ್ಣಿಂದ ನೋಡಿ ಹೇಳಬಹುದಾ? ‘ಕೆಲಸದ ಜಾಗ ಸುರಕ್ಷಿತವಾಗಿರಬೇಕು’ ಅಂದರೆ ಯಾರು ಬೇಕಾದರೂ ಹೌದು ಅನ್ನಬಹುದು. ‘ಪಾಳಿ ನಡೆಯುವಾಗ ಯಾವ ಬಾಗಿಲಿಗೂ ಬೀಗ ಇರಕೂಡದು, ಒಳಗಿನಿಂದ ತಳ್ಳಿದರೆ ತೆರೆಯಬೇಕು’ ಅಂತ ಬರೆದರೆ ಹೋಗಿ ತಳ್ಳಿ ನೋಡಬಹುದು. ಕೂಲಿಯ ವಿಷಯವೂ ಅಷ್ಟೇ. ಓಟಿಗೆ, ಅಂದರೆ ಹೆಚ್ಚುವರಿ ಹೊತ್ತಿನ ದುಡಿಮೆಗೆ, ದುಪ್ಪಟ್ಟು ಕೊಡಬೇಕೆಂದು ನಮ್ಮ ಕಾನೂನು ಹೇಳುತ್ತದೆ. ಒಬ್ಬರ ಪೇ ಸ್ಲಿಪ್ ಒಂದು ಕೈಯಲ್ಲಿ, ಅದೇ ತಿಂಗಳ ಪಂಚಿಂಗ್ ದಾಖಲೆ ಇನ್ನೊಂದು ಕೈಯಲ್ಲಿ ಹಿಡಿಯಿರಿ. ಸ್ಲಿಪ್‌ನಲ್ಲಿ ಓಟಿ ಸೊನ್ನೆ, ಪಂಚಿಂಗ್‌ನಲ್ಲಿ ಹೊರಹೋದ ಹೊತ್ತು ರಾತ್ರಿ ಎಂಟು ಅಂತಿದ್ದರೆ, ಅಲ್ಲೇ ಮಾತಾಡಬೇಕು. ಆದರೆ ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿರುವಾಗ ಯಾರೂ ನಿಜ ಹೇಳುವುದಿಲ್ಲ. ಕಾರ್ಮಿಕರನ್ನು ಕಾರ್ಖಾನೆಯ ಹೊರಗೆ ಭೇಟಿಯಾಗುವುದು ಅದಕ್ಕೇ.

ನಮ್ಮ ರಾಜ್ಯದ್ದೇ ಒಂದು ಪ್ರಕರಣ ನೋಡಿ. 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ ಸುಮಾರು 417 ರೂಪಾಯಿ ತುಟ್ಟಿಭತ್ಯೆ ಹೆಚ್ಚಾಗಬೇಕಿತ್ತು. ಅನೇಕ ಕಾರ್ಖಾನೆಗಳು ಕೊಡಲಿಲ್ಲ. ಅವುಗಳಿಂದ ಬಟ್ಟೆ ಕೊಳ್ಳುತ್ತಿದ್ದ ಬ್ರ್ಯಾಂಡ್‌ಗಳ ನಿಯಮದಲ್ಲಿ ‘ಕನಿಷ್ಠ ವೇತನ ಕಡ್ಡಾಯ’ ಎಂದೇ ಇತ್ತು, ಆದರೂ ಹಣ ಕೈಗೆ ಬರಲು ಒಂದೂವರೆ ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಅದೂ ಕಾರ್ಮಿಕ ಸಂಘಗಳು ಕೋರ್ಟಿಗೆ ಹೋಗಿ, ಹೊರದೇಶದವರೂ ದನಿ ಎತ್ತಿದ ಮೇಲೆ. 417 ರೂಪಾಯಿ ಅಂದರೆ ಮನೆಗೆ ಎಷ್ಟು ದಿನದ ಹಾಲು, ಲೆಕ್ಕ ಹಾಕಿ. ಈ ಪ್ರಕರಣ ಓದಿದಾಗ ನನಗೆ ತುಂಬಾ ನೋವಾಯಿತು.

ಪರಿಸರದ ಭಾಗದಲ್ಲಿ ಒಂದೇ ಮಾತು ಮರೆಯಬೇಡಿ: ನಿಯಮಕ್ಕೆ ಸಹಿ ಹಾಕುವುದು ಹೊಲಿಯುವ ಕಾರ್ಖಾನೆ, ನೀರು ಕೆಡಿಸುವುದು ಬಣ್ಣ ಹಾಕುವ ಘಟಕ. ತಿರುಪ್ಪೂರಿನ ನೊಯ್ಯಲ್ ನದಿ ಕೆಟ್ಟು, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನೇ ಮುಚ್ಚಿಸಬೇಕಾಯಿತು. ಸಪ್ಲೈಯರ್‌ನ ಸಪ್ಲೈಯರ್ ಯಾರು ಎಂಬ ಪಟ್ಟಿ ಕೇಳದಿದ್ದರೆ ನಿಯಮ ಅಲ್ಲಿಗೆ ಮುಟ್ಟುವುದೇ ಇಲ್ಲ.

ಕೊಳ್ಳುವ ಕಂಪನಿಯೂ ತನ್ನನ್ನು ನಿಯಮಕ್ಕೆ ಕಟ್ಟಿಕೊಳ್ಳಬೇಕು ಎಂಬುದೇ ನನ್ನ ಮಟ್ಟಿಗೆ ಈ ಪಾಠದ ಮುಖ್ಯ ಭಾಗ. ಒಂದು ಪೀಸ್‌ಗೆ ಬೆಲೆ ಇಳಿಸಿ, ಗಡುವನ್ನೂ ಮೊಟಕು ಮಾಡಿದರೆ ಓಟಿ ಮಾಡಿಸದೆ ಕಾರ್ಖಾನೆಗೆ ಬೇರೆ ದಾರಿ ಇರುವುದಿಲ್ಲ. ರಾಣಾ ಪ್ಲಾಜಾ ನಂತರ 2013ರ ಮೇ ತಿಂಗಳಲ್ಲಿ ಬಂದ ಬಾಂಗ್ಲಾದೇಶ ಅಕಾರ್ಡ್ ಇದಕ್ಕೇ ಬೇರೆ ಥರ. ಅದು ಬ್ರ್ಯಾಂಡ್‌ಗಳು ಮತ್ತು ಕಾರ್ಮಿಕ ಸಂಘಗಳ ನಡುವಿನ ಕಾನೂನುಬದ್ಧ ಒಪ್ಪಂದ. ತಪಾಸಣೆಯ ವರದಿಯನ್ನು ಎಲ್ಲರೂ ನೋಡುವಂತೆ ಪ್ರಕಟಿಸಬೇಕಿತ್ತು, ರಿಪೇರಿಗೆ ಹಣ ಸಿಗುವಂತೆ ನೋಡಿಕೊಳ್ಳುವ ಹೊಣೆ ಬ್ರ್ಯಾಂಡ್‌ಗಳದ್ದಾಗಿತ್ತು. ತಪ್ಪು ಕಂಡ ತಕ್ಷಣ ಆರ್ಡರ್ ನಿಲ್ಲಿಸುವುದು ಸರಿ ಅನ್ನಿಸಬಹುದು, ಆದರೆ ಮೊದಲು ಕೆಲಸ ಹೋಗುವುದು ಹೊಲಿಯುವ ಹೆಣ್ಣುಮಕ್ಕಳದ್ದು. ಅದಕ್ಕೇ ಮೊದಲು ತಿದ್ದಲು ಗಡುವು ಕೊಟ್ಟು, ಮತ್ತೆ ಹೋಗಿ ನೋಡುತ್ತಾರೆ. ಆಮೇಲೂ ತಿದ್ದಿಕೊಳ್ಳದಿದ್ದರೆ ಮಾತ್ರ ವ್ಯವಹಾರ ನಿಲ್ಲಿಸುವುದು.